ಕ್ಯಾಂಪಸ್‌ನಾಗ ರಾಜಕೀಯ ಡಿಬೇಟ್ ಅದ, ಮೀಡಿಯಾದವ್ರ ವ್ಯವಸ್ಥಾ ನನ್ ತಲಿ ಮ್ಯಾಲ ಬಂದದ, ಹ್ಯಾಂಗ ಮಾಡ್ಲಿ?

ಜೋಳದರೊಟ್ಟಿ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಕಲಬುರಗಿಯಾಗ ಪತ್ರಿಕೋದ್ಯಮ ಎಂಎ ಮಾಡ್ಲತ್ತೀನಿ, ಎರಡನೇ ವರ್ಷ. ಮುಂದಿನ ತಿಂಗಳು ನಮ್ಮ ಕ್ಯಾಂಪಸ್ ಆಡಿಟೋರಿಯಮ್‌ನಾಗ 371(ಜೆ), ಅಂದ್ರ ನಮ್ಮ ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ ಕಲಮಿನ ಬಗ್ಗೆ ಡಿಬೇಟ್ ಅದ, ನಾಲ್ಕು ಪಕ್ಷದವ್ರು ಬರ್ತೀವಿ ಅಂದಾರ, ನಡಸ್ಲಾಕ ಒಬ್ರು ರಿಟೈರ್ಡ್ ಪ್ರೊಫೆಸರ್ ಅದಾರ. ಸಂಜಿ 4ಕ್ಕ ಶುರು ಆಗಿ 6ಕ್ಕ ಮುಗೀಬೇಕು. ಎಚ್‌ಒಡಿ ಸರ್ ಎಲ್ಲಾರಿಗೂ ಒಂದೊಂದು ಕೆಲಸ ಹಂಚಿ ಕಡಿಗಿ ನನ್ ಕಡಿ ನೋಡಿ "ಮೀಡಿಯಾದವ್ರನ್ನ ನೀ ನೋಡ್ಕೋ" ಅಂದ್ಬಿಟ್ರು. ಸುದ್ದಿ ಬರಿ ಅಂದ್ರ ಬರೀತೀನ್ರಿ, ಸುದ್ದಿ ಬರಿಯವ್ರನ್ನ ಕುಂದ್ರಸೂದು ಹ್ಯಾಂಗಂತ ಯಾವ ಸಿಲಬಸ್‌ನಾಗೂ ಇಲ್ಲ.

ಹಾಲ್ 450 ಸೀಟಿಂದು, ಸ್ಟೇಜ್ ಮೂರು ಫೂಟ್ ಎತ್ತರ, ಎರಡೂ ಬಾಜೂಕ ಕಿಡಕಿ. ಮೀಡಿಯಾದವ್ರು 30 ಮಂದಿ ಆಗ್ಬಹುದು, ಟಿವಿ, ಪೇಪರ್, ಫೋಟೋಗ್ರಾಫರ್, ಯೂಟ್ಯೂಬ್ ಎಲ್ಲಾ ಸೇರಿ.

ನನ್ನ ಅಂಜಿಕಿ ಏನಂದ್ರ, ಹೋದ ವರ್ಷ ಒಂದ್ ಕಾಲೇಜಿನ ಕಾರ್ಯಕ್ರಮಕ್ಕ ಹೋಗಿದ್ದೆ, ಅಲ್ಲಿ ಭಾಷಣ ಮಾಡೋ ಪೋಡಿಯಮ್ ಮ್ಯಾಲ ಹನ್ನೊಂದು ಚಾನೆಲ್ಲಿನ ಲೋಗೋ, ಅಂದ್ರ ಚಾನೆಲ್ ಹೆಸರಿರೋ ಮೈಕ್, ಇಟ್ಟು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ರು, ಮಾತಾಡೋರು ಕೈ ಎತ್ತಿ ಜೋರ್ ಮಾಡಿದ್ ಕೂಡ್ಲೇ ಇಡೀ ಗಂಟು ಉರುಳಿ ಅವ್ರ ಕಾಲ್ ಮ್ಯಾಲ ಬಿತ್ತು, ಕ್ಯಾಮೆರಾದವ್ರು ಎಲ್ಲಾ ಸ್ಟೇಜ್ ಮ್ಯಾಲ ಹತ್ತಿದ್ರು, ಹಿಂದ್ ಕುಂತ ಮಂದಿ "ಕುಂದ್ರ್ರಿ ಕುಂದ್ರ್ರಿ" ಅಂತ ಒದರ್ಲತ್ತಿದ್ರು, ಸುದ್ದಿ ಆಗಿದ್ದು ಅದೇ, ಭಾಷಣ ಅಲ್ಲ. ನಮ್ದು ಹಂಗ ಆಗಬಾರ್ದು. ಕ್ಯಾಮೆರಾ ಎಲ್ಲಿ ಇಡ್ಬೇಕು, ಪಾಸ್ ಹ್ಯಾಂಗ ಕೊಡ್ಬೇಕು, ನೆಟ್ ಸಾಕಾಗ್ತದೋ ಇಲ್ಲೋ, ಬೈಟ್ (ಮುಗದ್ ಮ್ಯಾಲ ಲೀಡರ್‌ಗಳು ಚಾನೆಲ್ ಮೈಕಿಗಿ ಹೇಳೋ ನಾಲ್ಕು ಮಾತು) ಎಲ್ಲಿ ಕೊಡಿಸ್ಬೇಕು, ಗೊತ್ತಿದ್ದೋರು ಹೇಳ್ರಿ.

ಟ್ರೈಪಾಡ್ ಮಾಮಾ:

ತಮ್ಮಾ ನಾ 14 ವರ್ಷ ಆಯ್ತು ಕ್ಯಾಮೆರಾ ಹೆಗಲಿಗಿ ಹಾಕ್ಕೊಂಡು. ನೀ ಕ್ಯಾಮೆರಾ ಎಲ್ಲಿ ಅಂತ ಪೈಲಾ ಕೇಳಿದಿ, ಎಲ್ಲಾರೂ ಅದನ್ನೇ ಕೇಳ್ತಾರ. ಪೈಲಾ ಕೇಳ್ಬೇಕಾಗಿದ್ದು ಆಡಿಯೋ ಎಲ್ಲಿಂದ ಬರ್ತದಂತ. ನಾವ್ ಯಾಕ ಸ್ಟೇಜ್ ಮ್ಯಾಲ ಹತ್ತತೀವಿ ಹೇಳು? ಪಿಕ್ಚರ್ ಹಿಂದಿಂದನೂ ಸಿಗ್ತದ, ಝೂಮ್ ಅದ. ಲೋಗೋ ಇಡ್ಲಾಕ ಹತ್ತತೀವಿ, ಲೋಗೋ ಇಟ್ಟ ಮ್ಯಾಲ ಅದರ ವೈರ್ ಉದ್ದ ಇರಲ್ಲ, ಹಂಗಾಗಿ ಅಲ್ಲೇ ನಿಂದ್ರತೀವಿ. ನಂಗ ಹಿಂದ ನಿಂತಲ್ಲೇ ಚೊಲೋ ಆಡಿಯೋ ಕೊಡು, ನಾ ಯಾಕ ಮುಂದ್ ಬರ್ಲಿ?

ಇದಕ್ಕ ಪ್ರೆಸ್ ಬಾಕ್ಸ್ ಅಂತ ಇರ್ತದ, ಕೆಲವ್ರು ಸ್ಪ್ಲಿಟರ್ ಬಾಕ್ಸ್ ಅಂತಾರ. ಎಲ್ಲಾ ಮೈಕಿನ ಆವಾಜ್ ಕೂಡೋ ಮಿಕ್ಸರ್‌ನಿಂದ ಒಂದ್ ವೈರ್ ಒಳಗ ಹೋಗ್ತದ, 8 ಇಲ್ಲಾ 16 ಔಟ್ ಬರ್ತಾವ. ಅದನ್ನ ಕ್ಯಾಮೆರಾ ಇಡೋ ಜಾಗಾದಾಗ ಇಟ್ಬಿಡು. ಅದ್ರಾಗ ಎಕ್ಸ್‌ಎಲ್‌ಆರ್ ವೈರ್ (ಮೂರ್ ಪಿನ್ನಿನ ಮೈಕ್ ವೈರ್) ಹಾಕಿದ್ರ ಮುಗೀತು. ಲೋಗೋ ತೋರಿಸ್ಲೇಬೇಕು ಅಂತ ಡೆಸ್ಕಿನವ್ರು ಪ್ರಾಣ ತಿಂತಾರ ಅದು ಖರೆ, ಅದಕ್ಕ ಡಿಬೇಟ್‌ನಾಗ ಲೋಗೋ ಇಲ್ಲ, ಮುಗದ್ ಮ್ಯಾಲ ಬೈಟ್ ಕೊಡೋ ಜಾಗಾದಾಗ ಎಷ್ಟು ಬೇಕಾದ್ರೂ ಹಿಡೀರಿ ಅಂತ ಮೊದ್ಲೇ ಗ್ರೂಪ್‌ನಾಗ ಹಾಕು. ಒಬ್ಬಂವಗೂ ಬಿಡಬ್ಯಾಡ. ಒಬ್ಬಂವಗ ಬಿಟ್ಟಿ ಅಂದ್ರ ಹನ್ನೊಂದೂ ಬರ್ತಾವ.

ಇನ್ನ ಕ್ಯಾಮೆರಾ ಜಾಗಾ. ಹಾಲಿನ ಹಿಂದ, ನಡು ದಾರಿ ಎದ್ರಿಗಿ, ಎರಡೂವರಿಯಿಂದ ಮೂರ್ ಫೂಟ್ ಎತ್ತರದ ಕಟ್ಟಿ ಹಾಕಿಸು. ಶಾಮಿಯಾನಾದವ್ರ ಕಡಿ ಸ್ಟೇಜ್ ಹಲಗಿ ಇರ್ತಾವ, ಆರು ಹಲಗಿ ಸಾಕು. ಕ್ಲಾಸಿನ ಬೆಂಚ್ ಕೂಡಿಸಿ ಕಟ್ಟಿ ಮಾಡ್ತೀನಿ ಅನ್ಬ್ಯಾಡ, ಒಬ್ಬಂವ ಕಾಲ್ ಬದಲಿಸಿದ್ರ ಹತ್ತು ಟ್ರೈಪಾಡ್ ಅಲುಗ್ತಾವ, ಹಿಂದಿಂದ ಫುಲ್ ಝೂಮ್ ಹಾಕಿದಾಗ ಸ್ಕ್ರೀನಿನಾಗ ಅದು ಭೂಕಂಪ ಆದಂಗ ಕಾಣ್ತದ. ಫೋಟೋಗ್ರಾಫರ್ಸ್‌ಗೆ ಶುರುವಿಗೆ ಐದು ಮಿನಿಟು ಸ್ಟೇಜ್ ಮುಂದ್ ಬಿಡು, ಎಲ್ಲಾರೂ ಕೈ ಎತ್ತಿ ನಿಂದ್ರೋ ಫೋಟೋ ಅವ್ರಿಗಿ ಬೇಕೇ ಬೇಕು, ಆಮ್ಯಾಲ ಬಾಜೂಕ ಗ್ವಾಡಿ ಕಡಿ ಕೂಡಿಸು.

ಮತ್ತ ಆ ಕಿಡಕಿ. 4ರಿಂದ 6 ಅಂದಿ. ಪಶ್ಚಿಮದ ಕಡಿ ಕಿಡಕಿ ಇದ್ರ 5 ಗಂಟಿಗಿ ಬಿಸಲು ಸೀದಾ ಒಬ್ರ ಮಾರಿ ಮ್ಯಾಲ ಬೀಳ್ತದ, ಒಬ್ಬ ಲೀಡರ್ ಹಳದಿ ಇನ್ನೊಬ್ಬ ನೀಲಿ ಕಾಣ್ತಾನ. ಪರದಾ ಹಾಕ್ಸು. ಆಮ್ಯಾಲ "ಅವ್ರ ಲೀಡರ್‌ನ ಚಂದ ತೋರ್ಸ್ಯಾರ ನಮ್ಮವ್ರನ್ನ ಕಪ್ಪು ಮಾಡ್ಯಾರ" ಅಂತ ಜಗಳ ಬರೂದು ನಿನ್ ಮ್ಯಾಲೇ.

ಯಾದಗಿರಿ ಮೈಕ್‌ಸೆಟ್:

ಮಾಮಾ ಹೇಳಿದ್ದು ನೂರಕ್ಕ ನೂರು ಖರೆ. ನಾ ಸೌಂಡ್ ಕಡಿಯಾಂವ, ನನ್ ಮಾತೂ ಕೇಳ್ರಿ ಯಾಕಂದ್ರ ಪ್ರೆಸ್ ಬಾಕ್ಸ್ ಇಟ್ರೂ ಕೆಡಸ್ಲಾಕ ದಾರಿ ಭಾಳ ಅವ.

ಮಿಕ್ಸರಿನ ಮೇನ್ ಔಟ್‌ನಿಂದ ಮೀಡಿಯಾಕ್ಕ ಲೈನ್ ಕೊಡಬ್ಯಾಡ್ರಿ. ಹಾಲಿನಾಗ ಮೈಕ್ ಕುಂಯ್ ಅಂದ್ರ ನಾವ್ ಮೇನ್ ಇಳಸ್ತೀವಿ, ಆಗ ಟಿವಿಯವ್ರಿಗೂ ಆವಾಜ್ ಇಳೀತದ, ಅವ್ರು ಹಿಂದಿಂದ ಕೈ ಎತ್ತಿ ಹೆಚ್ಚ್ ಮಾಡು ಅಂತಾರ, ನಾವ್ ಹೆಚ್ಚ್ ಮಾಡಿದ್ರ ಮತ್ತ ಕುಂಯ್. ಆಕ್ಸ್ ಅಂತ ಬ್ಯಾರೇ ಔಟ್ ಇರ್ತದ, ಅದ್ರಿಂದ ಕೊಡಿಸ್ರಿ, ಪೋಸ್ಟ್ ಫೇಡರ್ ಇಟ್ಟು, ಅಂದ್ರ ಆಯಾ ಮೈಕಿನ ಆವಾಜ್ ಏರಿಸಿ ಇಳಿಸೋ ಗುಂಡಿ ದಾಟಿದ್ ಮ್ಯಾಲ ಲೈನ್ ಹೋಗೋಹಂಗ. ಹಂಗ ಇಟ್ರ ಮೇನ್ ಏನ್ ಮಾಡಿದ್ರೂ ಇವ್ರಿಗಿ ಫರಕ್ ಬೀಳಲ್ಲ, ಮತ್ತ ಯಾರ ಮೈಕ್ ಬಂದ್ ಮಾಡೀವಿ ಅವ್ರು ಬಾಜೂಕಿನವ್ರ ಕಿವಿಯಾಗ ಗುಸುಗುಸು ಅಂದಿದ್ದು ಚಾನೆಲ್‌ಗೆ ಹೋಗಲ್ಲ. ಇದು ಸಣ್ಣ ವಿಷಯ ಅಲ್ರಿ, ರಾಜಕೀಯದವ್ರು ಮೈಕ್ ಬಂದ್ ಅದ ಅಂತ ತಿಳ್ಕೊಂಡು ಏನೇನ್ ಅಂತಾರ ಅಂತ ನಂಗ ಗೊತ್ತದ.

ಇನ್ನೊಂದು, ನಮ್ಮ ಬಾಕ್ಸ್‌ನಿಂದ ಬರೂದು ಲೈನ್ ಲೆವೆಲ್, ಕ್ಯಾಮೆರಾದಾಗ ಸ್ವಿಚ್ ಮೈಕ್ ಮ್ಯಾಲ ಇಟ್ರ ಆವಾಜ್ ಒಡದ್ ಹೋಗ್ತದ, ತಗಡಿನ ಡಬ್ಬಿಯಾಗ ಮಾತಾಡಿದಂಗ. ಅದ್ರ ಬಾಜೂಕಿನ 48 ವೋಲ್ಟ್ ಸ್ವಿಚ್ (ಮೈಕಿಗಿ ಕರೆಂಟ್ ಕೊಡೂದು) ಬಂದ್ ಇರ್ಬೇಕು. ಆಮ್ಯಾಲ ಗುಂಯ್ ಅನ್ನೋ ಹಮ್ಮಿಂಗ್. ಕ್ಯಾಮೆರಾದವ್ರು ಚಾರ್ಜರ್ ಗ್ವಾಡಿ ಪ್ಲಗ್ಗಿಗಿ ಹಾಕ್ತಾರ, ನಮ್ಮ ಮಿಕ್ಸರ್ ಬ್ಯಾರೇ ಲೈನ್ ಮ್ಯಾಲ ಇರ್ತದ, ಎರಡರ ಅರ್ಥಿಂಗ್ ಬ್ಯಾರೆ ಬ್ಯಾರೆ, ಅಲ್ಲಿಂದ ಗುಂಯ್ ಬರ್ತದ. ಒಳಗ ಟ್ರಾನ್ಸ್‌ಫಾರ್ಮರ್ ಇರೋ ಬಾಕ್ಸ್ ಆದ್ರ ಬರಲ್ಲ. ಇಲ್ಲಂದ್ರ ಎರಡು ತಾಸು ಬ್ಯಾಟರಿ ಮ್ಯಾಲ ಓಡಿಸ್ರಿ ಅಂತ ಹೇಳ್ರಿ. ಕರೆಂಟ್ ಹೋದ್ರ ಜನರೇಟರ್ ಶುರು ಆಗೋ ತನಕ ಮಿಕ್ಸರ್ ಬಂದ್ ಆಗಬಾರ್ದು, ಮಿಕ್ಸರಿಗಿ ಮತ್ತ ಮೀಡಿಯಾ ಬಾಕ್ಸಿಗಿ ಒಂದ್ ಯುಪಿಎಸ್ ಹಾಕ್ರಿ, ದೊಡ್ಡದ್ ಬ್ಯಾಡ, ಕಂಪ್ಯೂಟರಿಂದೇ ನಡೀತದ. ಡಿಜಿಟಲ್ ಮಿಕ್ಸರ್ ಇದ್ರ ಮತ್ತ ಶುರು ಆಗ್ಲಾಕ ಟೈಮ್ ತಗೋತದ, ಅಷ್ಟೊತ್ತು ಹಾಲಿನಾಗ ಶಿಳ್ಳಿ.

ಬಿಸಿಮಿರ್ಚಿ ಟಿವಿ:

ಎಲ್ಲಾ ಟಿವಿಯವ್ರ ಬಗ್ಗೆನೇ ಮಾತಾಡ್ಲತ್ತೀರಿ. ನಾವ್ ಯೂಟ್ಯೂಬ್ ಚಾನೆಲ್‌ನವ್ರು ಮನುಷ್ಯಾರಲ್ಲೇನು? ಹೋದ್ ಕಡಿ ಎಲ್ಲಾ ಪಾಸ್ ಇಲ್ಲ ಹಿಂದ್ ನಿಂದ್ರು ಅಂತಾರ, ಆಮ್ಯಾಲ ಮಂದಿ ನೋಡೂದು ನಮ್ಮ ಲೈವೇ. ಕಡಿಗಿ ಅದೇ ಲೀಡರ್ ಫೋನ್ ಮಾಡಿ ಲಿಂಕ್ ಕಳಸು ಅಂತಾರ.

ಟ್ರೈಪಾಡ್ ಮಾಮಾ:

ತಮ್ಮಾ ಬಿಸಿಮಿರ್ಚಿ, ನಿನ್ ಮ್ಯಾಲ ಸಿಟ್ಟಿಲ್ಲ, ಸೆಲ್ಫಿ ಸ್ಟಿಕ್ ಎತ್ತಿ ನನ್ ಫ್ರೇಮ್‌ನಾಗ ಬರ್ತೀರಿ ಅದ್ರ ಮ್ಯಾಲ ಸಿಟ್ಟದ.

ಬೀದರಕ್ಕ:

ಇಬ್ರೂ ಸುಮ್ಕಿರ್ರಿ ಸ್ವಲ್ಪ, ಹುಡುಗ ಪಾಪ ಕೆಲಸದ ಮಾತು ಕೇಳ್ಯಾನ. ನಾ ಪೇಪರ್ ಕಡಿಯಾಕಿ, ಬೀದರದಾಗ ಶುರು ಮಾಡಿ ಈಗ ಕಲಬುರಗಿಯಾಗ ಅದೀನಿ.

ಮೊಬೈಲ್‌ನಾಗ ಲೈವ್ ಮಾಡೋರಿಗಿ ಹಿಂದಿನ ಕಟ್ಟಿ ಕೊಟ್ರ ಉಪಯೋಗ ಇಲ್ಲ, ಫೋನ್ ಝೂಮ್‌ನಾಗ ಮಾರಿನೇ ಕಾಣಲ್ಲ. ಅವ್ರಿಗಿ ಮುಂದಿನ ಸಾಲಿನ ಎಡ ತುದಿಗಿ ಎಂಟು ಕುರ್ಚಿ ಇಡು, ಕುಂತೇ ಮಾಡ್ಬೇಕು, ಎದ್ದು ನಿಂದ್ರಂಗಿಲ್ಲ ಅಂತ ಪಾಸಿನ ಹಿಂದ ಬರಿ. ಪಾಸ್ ಅಂದ್ರ ಬಣ್ಣದ ಕಾಗದ ಸಾಕು, ಟಿವಿಗೊಂದು ಬಣ್ಣ, ಫೋಟೋಗೊಂದು, ಪೇಪರಿಗೊಂದು, ಆದ್ರ ಅದ್ರ ಮ್ಯಾಲ ಹೆಸರು ಫೋಟೋ ಇರ್ಲಿ. ಯಾಕಂದ್ರ ಪಕ್ಷದ ಹುಡುಗ್ರು ಕೊರಳಾಗ ಪ್ರೆಸ್ ಅಂತ ಹಾಕ್ಕೊಂಡು ಮುಂದ್ ಕುಂತು ಘೋಷಣಾ ಕೂಗೂದು ನಾ ನೋಡೀನಿ. ಜಿಲ್ಲಾ ವಾರ್ತಾ ಇಲಾಖೆ ಆಫೀಸಿಗಿ ಒಂದ್ ಲೆಟರ್ ಕೊಟ್ರ ಮಾನ್ಯತೆ ಇದ್ದೋರ ಪಟ್ಟಿ ಸಿಗ್ತದ, ಉಳದವ್ರದು ಸಂಸ್ಥಾದ ಲೆಟರ್ ಮ್ಯಾಲ ಕೊಡು. ಠಾಣಾಕ್ಕೂ ಒಂದ್ ಕಾಪಿ ಹೋಗ್ಲಿ, ಗೇಟಿನಾಗ ಪೊಲೀಸರು ಕ್ಯಾಮೆರಾ ಬ್ಯಾಗ್ ಬಿಚ್ಚಿ ಬಿಚ್ಚಿ ನೋಡೂದ್ರಾಗ ಡಿಬೇಟೇ ಮುಗೀತದ.

ನಮ್ಮಂಥ ಪೇಪರ್‌ನವ್ರಿಗಿ ಏನ್ ಬೇಕು ಅಂತ ಯಾರೂ ಕೇಳಂಗಿಲ್ಲ, ಕ್ಯಾಮೆರಾ ಇಲ್ಲಲ್ಲ ಎಲ್ಲರೆ ಕುಂದ್ರ್ತಾರ ಬಿಡು ಅಂತಾರ. ನಮಗ ಬೇಕಾಗೂದು ಟೇಬಲ್, ಪ್ಲಗ್ ಪಾಯಿಂಟ್, ಬರಿಯೋಷ್ಟು ಬೆಳಕು. ಡಿಬೇಟಿಗಿ ಹಾಲಿನ ಲೈಟ್ ಆರಿಸಿ ಸ್ಟೇಜಿಗಷ್ಟೇ ಹಾಕಿದ್ರ ನಾ ನೋಟ್ ಹ್ಯಾಂಗ ಬರ್ಕೋಬೇಕು? ಮತ್ತ ಒಂದ್ ಹಾಳಿ ಮಾಡಿ ಎಲ್ಲಾರ ಕೈಯಾಗ ಕೊಡು, ನಾಲ್ಕೂ ಮಂದಿಯ ಹೆಸರು ಕನ್ನಡದಾಗ, ಅವ್ರೇ ಬರಿಯೋ ಸ್ಪೆಲ್ಲಿಂಗ್‌ನಾಗ, ಪಕ್ಷದಾಗ ಅವ್ರ ಈಗಿನ ಹುದ್ದಾ, ಎಡದಿಂದ ಬಲಕ್ಕ ಯಾರ್ ಎಲ್ಲಿ ಕುಂದ್ರ್ತಾರ. ಫೋಟೋ ಕ್ಯಾಪ್ಷನ್ ತಪ್ಪೂದು ಇಲ್ಲೇ. ಕೆಳಗ ವಿಷಯದ್ದೂ ನಾಲ್ಕು ಸಾಲು ಹಾಕು, ಸಂವಿಧಾನದ 98ನೇ ತಿದ್ದುಪಡಿ, ಈಗ ಏಳು ಜಿಲ್ಲಾ, ನಮ್ಮ ಭಾಗದ ಕಾಲೇಜಿನಾಗ ಶೇ 70 ಸೀಟು, ರಾಜ್ಯ ಮಟ್ಟದ ಸಂಸ್ಥಾದಾಗ ಶೇ 8. ಆರು ಜಿಲ್ಲಾ ಅಂತ ಇನ್ನೂ ಬರಿಯೋರು ಅದಾರ, ವಿಜಯನಗರ ಬ್ಯಾರೆ ಆಗಿ ವರ್ಷಾದ್ವು. ಅದೂ ಅಲ್ದ ಡೆಸ್ಕ್ ಬೆಂಗಳೂರದಾಗ ಇರ್ತದ, ಅವ್ರಿಗಿ 371(ಜೆ) ಅಂದ್ರ ಇನ್ನೂ ಹೈದರಾಬಾದ್ ಕರ್ನಾಟಕ.

ತಾರೀಖು ಹಿಡಿಯೋಕ್ಕಿಂತ ಮೊದ್ಲು ಚುನಾವಣಾ ಏನರೆ ಘೋಷಣಾ ಆಗ್ತದೇನು ನೋಡ್ಕೋ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರ ಅಂದ್ರ ಪದವೀಧರರೇ ವೋಟರು, ನಿಮ್ಮ ಕ್ಯಾಂಪಸ್‌ನಾಗೂ ಇರ್ತಾರ, ನೀತಿ ಸಂಹಿತಾ ಬಂದ್ರ ಎಲ್ಲಾ ಚುನಾವಣಾಧಿಕಾರಿ ಅನುಮತಿ ಮ್ಯಾಲ. ಟಿವಿಯವ್ರಿಗಂತೂ ಮತದಾನ ಮುಗಿಯೋ ಹಿಂದಿನ 48 ತಾಸಿನಾಗ ಚುನಾವಣಾ ವಿಷಯ ತೋರ್ಸಂಗಿಲ್ಲ, ಪ್ರಜಾಪ್ರತಿನಿಧಿ ಕಾಯ್ದೆ 126ನೇ ಕಲಮು.

ಬೆಂಗಳೂರು ಬಸ್:

ನಾನು ಬೀದರ್ ಕಡೆಯವನೇ, ಬೆಂಗಳೂರಲ್ಲಿ ಲೈವ್ ಪ್ರೊಡಕ್ಷನ್ ಮಾಡ್ತೀನಿ, ಭಾಷೆ ಅರ್ಧ ಹಾಳಾಗಿದೆ ಬೈಬೇಡಿ. ಆಡಿಯೋ ಬಗ್ಗೆ ಮಾಮಾ ಮತ್ತೆ ಮೈಕ್‌ಸೆಟ್ ಅಣ್ಣ ಹೇಳಿದ್ದು ಅತಿ ಅನ್ಸಿದ್ರೆ ಇದನ್ನ ಕೇಳಿ. 1976ರ ಸೆಪ್ಟೆಂಬರ್ 23, ಅಮೆರಿಕದ ಫಿಲಡೆಲ್ಫಿಯಾ, ಅಧ್ಯಕ್ಷ ಫೋರ್ಡ್ ಮತ್ತೆ ಜಿಮ್ಮಿ ಕಾರ್ಟರ್ ಡಿಬೇಟ್, ಇನ್ನೇನು ಮುಗೀಬೇಕು ಅನ್ನೋವಾಗ ಒಂದು ಸಣ್ಣ ಬಿಡಿಭಾಗ ಕೆಟ್ಟು ಆಡಿಯೋ ಹೋಯ್ತು. 27 ನಿಮಿಷ. ಅಷ್ಟೂ ಹೊತ್ತು ಇಬ್ರೂ ತಮ್ಮ ತಮ್ಮ ಪೋಡಿಯಮ್ ಹಿಂದೆ ಸುಮ್ನೆ ನಿಂತಿದ್ರು, ಇಡೀ ದೇಶ ಲೈವ್ ನೋಡ್ತಿತ್ತು. ಅಷ್ಟು ದೊಡ್ಡೋರಿಗೇ ಹಂಗಾಗಿದೆ. ಹಾಗಾಗಿ ಮಾಡರೇಟರ್ ಟೇಬಲ್ ಮೇಲೆ ಒಂದು ಸಣ್ಣ ರೆಕಾರ್ಡರ್ ಆನ್ ಮಾಡಿ ಇಟ್ಬಿಡಿ, ಮಿಕ್ಸರ್‌ಗೂ ಅದಕ್ಕೂ ಸಂಬಂಧನೇ ಇರಬಾರ್ದು. ಇನ್ನೊಂದು ಮಿಕ್ಸರ್ ಕಡೆ. ಲೈನ್ ಹೋದ್ರೂ ರಾತ್ರಿ ಎಲ್ರಿಗೂ ಫೈಲ್ ಕಳಿಸಬಹುದು, ಮತ್ತೆ ನಾಳೆ ಯಾರಾದ್ರೂ ನಾನ್ ಹಂಗೆ ಅಂದೇ ಇಲ್ಲ ಅಂದ್ರೆ ನಿಮ್ಮ ಹತ್ರ ಪೂರ್ತಿ ಇರುತ್ತೆ.

ಅಲ್ಲಿ ಅಧ್ಯಕ್ಷೀಯ ಡಿಬೇಟ್‌ಗಳು ಎಷ್ಟೋ ಸಲ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲೇ ನಡೆದಿವೆ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ 1992, 2000, 2004, 2016 ಅಂತ ನಾಲ್ಕು ಸಲ ನಡೆಸಿಕೊಟ್ಟಿದೆ. ಅವ್ರು ವರದಿಗಾರರನ್ನ ಎಲ್ಲಾ ಹಾಲ್ ಒಳಗೆ ಬಿಡಲ್ಲ, ಬಹಳ ಜನ ಬೇರೆ ದೊಡ್ಡ ಜಾಗದಲ್ಲಿ ಟೇಬಲ್ ಹಾಕ್ಕೊಂಡು ಟಿವಿಯಲ್ಲಿ ನೋಡ್ಕೊಂಡೇ ಬರೀತಾರೆ. ನಮ್ಮಲ್ಲಿ ಹಂಗ್ ಹೇಳಿದ್ರೆ ಅವಮಾನ ಅಂದ್ಕೋತಾರೆ ಗೊತ್ತು, ಆದ್ರೆ ಬಾಜೂ ಕ್ಲಾಸ್‌ರೂಮಲ್ಲಿ ಪ್ರೊಜೆಕ್ಟರ್ ಹಾಕಿ, ಅಕ್ಕ ಕೇಳಿದ ಟೇಬಲ್ಲು ಪ್ಲಗ್ಗು ಎಲ್ಲ ಅಲ್ಲಿಟ್ಟು, ಟೀನೂ ಅಲ್ಲೇ ಇಟ್ರೆ ಅರ್ಧ ಜನ ತಾವಾಗೇ ಅಲ್ಲಿ ಹೋಗಿ ಕೂರ್ತಾರೆ.

ನೆಟ್ ವಿಷಯಕ್ಕೆ ಬಂದ್ರೆ, ಖಾಲಿ ಹಾಲಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಖುಷಿ ಪಡಬೇಡಿ. 450 ಜನ ಒಳಗೆ ಬಂದು ಎಲ್ರೂ ಫೋನ್ ತೆಗೆದ್ರೆ ಒಂದೇ ಟವರ್ ಮೇಲೆ ಬೀಳುತ್ತೆ. ಒಂದು ಲೈವ್‌ಗೆ 4ರಿಂದ 6 ಎಂಬಿಪಿಎಸ್ ಅಪ್‌ಲೋಡ್ ಬೇಕು, ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ನೋಡಿ. ಐದು ಜನ ಲೈವ್ ಅಂದ್ರೆ 30. ಕ್ಯಾಂಪಸ್ ನೆಟ್‌ವರ್ಕ್‌ನವರನ್ನ ಕೇಳಿ ಕ್ಯಾಮೆರಾ ಕಟ್ಟೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಮೀಡಿಯಾಗೆ ಬೇರೆ ವೈಫೈ ಪಾಸ್‌ವರ್ಡ್ ಮಾಡಿಸಿ, ಆ ಪಾಸ್‌ವರ್ಡ್ ಗೋಡೆ ಮೇಲೆ ಮಾತ್ರ ಅಂಟಿಸಬೇಡಿ, ಇಡೀ ಹಾಸ್ಟೆಲ್ ಬರುತ್ತೆ. ಬೈಟ್ ಕಳಿಸೋರಿಗೆ ಅಷ್ಟೇನು ಬೇಡ, ಎರಡು ನಿಮಿಷದ ಕ್ಲಿಪ್ 5 ಎಂಬಿಪಿಎಸ್ ಅಲ್ಲಿ ಸುಮಾರು 75 ಎಂಬಿ. ಆದ್ರೆ ಇಡೀ ಡಿಬೇಟ್ ನೀವೇ ರೆಕಾರ್ಡ್ ಮಾಡೋದಾದ್ರೆ ಕಾರ್ಡ್ ಲೆಕ್ಕ ಹಾಕಿ, 50 ಎಂಬಿಪಿಎಸ್ ಅಲ್ಲಿ ತಾಸಿಗೆ 22 ಜಿಬಿ ಮೇಲೆ ಹೋಗುತ್ತೆ.

ಇನ್ನೊಂದು, ಸ್ಟೇಜ್ ಹಿಂದೆ ಎಲ್ಇಡಿ ವಾಲ್ ಹಾಕ್ತಿದ್ರೆ ಕ್ಯಾಮೆರಾದಲ್ಲಿ ಗೆರೆ ಗೆರೆ ಓಡುತ್ತೆ. ಶಟರ್ 1/50 ಅಥವಾ 1/100 ಇಟ್ಟು ಹಿಂದಿನ ದಿನವೇ ನೋಡಿ. ಫ್ಲೆಕ್ಸ್ ಹಾಕಿದ್ರೆ ಇನ್ನೂ ಒಳ್ಳೇದು, ಅದ್ರ ಮೇಲೆ ಅತಿಥಿಗಳ ಫೋಟೋ ಹಾಕದೇ ಇದ್ರೆ ಇನ್ನೂ ಇನ್ನೂ ಒಳ್ಳೇದು.

ಜೋಳದರೊಟ್ಟಿ:

ಅಣ್ಣಾರಾ ಅಕ್ಕಾರಾ ನೀವ್ ಇಷ್ಟು ಹೇಳ್ತೀರಂತ ಅನ್ಕೊಂಡಿರ್ಲಿಲ್ಲ. ನಿನ್ನಿ ಸೌಂಡ್‌ನವ್ರನ್ನ ಭೆಟ್ಟಿಯಾದೆ, ಆಕ್ಸ್ ಎರಡು ಖಾಲಿ ಅವ ಅಂದ್ರು, ಪೋಸ್ಟ್ ಫೇಡರ್ ಅಂದ್ ಕೂಡ್ಲೇ ನನ್ ಮಾರಿ ನೋಡಿ "ಯಾರ್ ಹೇಳಿಕೊಟ್ರು ನಿಂಗ" ಅಂದ್ರು! ಆದ್ರ ಪ್ರೆಸ್ ಬಾಕ್ಸ್ ಅವ್ರ ಕಡಿ ಇಲ್ಲ, ಊರಾಗ ಇಬ್ರನ್ನ ಕೇಳ್ದೆ, ಒಬ್ರದು ಮದಿವಿ ಸೀಸನ್ನಿಗಿ ಬ್ಯಾರೆ ಕಡಿ ಹೋಗ್ಯದ, ಇನ್ನೊಬ್ರದು ಎಂಟರಾಗ ಮೂರು ಪಾಯಿಂಟ್ ಸತ್ತಾವ. ಪಶ್ಚಿಮದ ಕಿಡಕಿ ಇದ್ದೇ ಅದ ಮಾಮಾ, 5 ಗಂಟಿಗಿ ಹೋಗಿ ಸ್ಟೇಜ್ ಮ್ಯಾಲ ಕುಂತು ನೋಡ್ದೆ, ಮೂರನೇ ಕುರ್ಚಿ ಮ್ಯಾಲ ಬಿಸಲು ಬೀಳ್ತದ, ಕಣ್ಣೇ ತೆರೀಲಾಕ ಆಗ್ಲಿಲ್ಲ.

ಇನ್ನ ಎರಡು ಪ್ರಶ್ನಿ ಅವ. ಬೈಟ್ ಎಲ್ಲಿ ಕೊಡಿಸ್ಲಿ? ಮತ್ತ ನಮ್ಮ ಹುಡುಗ್ರು ಕ್ಯಾಂಪಸ್ ಮ್ಯಾಲಿಂದ ಡ್ರೋನ್ ಶಾಟ್ ತಗೀತೀವಿ ಅಂತ ಕುಣೀಲತ್ತಾರ.

ಬೀದರಕ್ಕ:

ಡ್ರೋನ್ ಬಿಟ್ಬಿಡ್ರಿ. ನಿಮ್ಮ ಕ್ಯಾಂಪಸ್ ಸೇಡಂ ರೋಡ್ ಕಡಿ ಇದ್ರ ವಿಮಾನ ನಿಲ್ದಾಣನೂ ಅದೇ ರೋಡಿಗದ, ಡಿಜಿಟಲ್ ಸ್ಕೈ ಮ್ಯಾಪ್‌ನಾಗ (ಡ್ರೋನ್ ಎಲ್ಲಿ ಹಾರಿಸ್ಬಹುದು ಅಂತ ಸರ್ಕಾರ ಮಾಡಿದ ನಕ್ಷಾ) ಯಾವ ಬಣ್ಣದಾಗ ಬರ್ತದ ನೋಡ್ದ ಎತ್ತಬ್ಯಾಡ್ರಿ, ಲೀಡರ್‌ಗಳು ಬರೋ ದಿನ ಪೊಲೀಸರೂ ಬಿಡಂಗಿಲ್ಲ. ಹಿಂದಿನ ದಿನ ಮಹಡಿ ಮ್ಯಾಲಿಂದ ಒಂದ್ ಶಾಟ್ ತಗೀರಿ ಸಾಕು. ಆಳಂದ ರೋಡಿಗಿ ಇದ್ರ ಬ್ಯಾರೆ ಫಿಕರು, ಕಡಗಂಚಿ ಕಡಿ ಅಂದ್ರ ಊರಿಂದ ಅರ್ಧ ತಾಸಿನ ಮ್ಯಾಲ, 6ಕ್ಕ ಮುಗದ್ ಮ್ಯಾಲ ನಾವ್ ಆಫೀಸಿಗಿ ಬಂದು ಸುದ್ದಿ ಹಾಕೋ ಹೊತ್ತಿಗಿ ಪೇಜ್ ಹೋಗಿರ್ತದ, ಅದಕ್ಕೇ ಆ ಪ್ರೊಜೆಕ್ಟರ್ ರೂಮ್ ಬೇಕು, ಅಲ್ಲೇ ಕುಂತು ಕಳಸಿ ಬರ್ತೀವಿ.

ಬೈಟ್ ಹಾಲಿನ ಒಳಗ ಬ್ಯಾಡ. ಹೊರಗ ಪೋರ್ಚ್‌ನಾಗ ಗ್ವಾಡಿಗೊಂದು ಪರದಾ ಕಟ್ಟು, ನಾಲ್ಕು ಮಂದಿಗೂ ಐದೈದು ಮಿನಿಟು, ಚೀಟಿ ಎತ್ತಿ ಯಾರ್ ಮೊದ್ಲು ಅಂತ ನಿರ್ಧಾರ ಮಾಡು, ಅದೂ ಅವ್ರ ಪಿಎಗಳ ಎದ್ರಿಗೇ. ಕಾರಿನ ಕಡಿ ಹೋಗೋ ದಾರಿ ಪೋರ್ಚ್ ದಾಟೇ ಇರ್ಬೇಕು, ಹಿಂದಿನ ಬಾಗ್ಲ ತೆರದಿಟ್ರ ಡಿಬೇಟ್‌ನಾಗ ಸೋತಾಂವ ಅಲ್ಲಿಂದನೇ ಹೋಗ್ತಾನ.

ಬಿಸಿಮಿರ್ಚಿ ಟಿವಿ:

ಅಕ್ಕಾ ಆ ಎಂಟು ಕುರ್ಚಿಯಾಗ ನಂದೊಂದು ಬರ್ಕೊಳ್ರಿ. ಕುಂತೇ ಮಾಡ್ತೀನಿ. ಸಂಜಿಗಿ ಮಂಡಾಳ ಒಗ್ಗರಣಿ ಮಿರ್ಚಿ ಇಟ್ರ ಅರ್ಧ ತಾಸು ಮೊದ್ಲೇ ಬಂದು ಕುಂದ್ರ್ತೀನಿ.

ಟ್ರೈಪಾಡ್ ಮಾಮಾ:

ತಿಂಡಿ ಕಟ್ಟಿ ಮ್ಯಾಲ ತರಬ್ಯಾಡ್ರಿ ಅಷ್ಟೇ, ಎಣ್ಣಿ ಕೈಲೇ ನನ್ ಲೆನ್ಸ್ ಮುಟ್ಟಿದ್ರ ನಾ ಸುಮ್ಕಿರಲ್ಲ. ವೈರ್ ಎಲ್ಲಾ ನೆಲಕ್ಕ ಅಗಲ ಟೇಪ್ ಹಚ್ಚಿ ಬಡೀರಿ, ಪ್ಯಾಕಿಂಗ್ ಟೇಪ್ ಅಲ್ಲ ಬಟ್ಟಿ ಟೇಪು. ಮತ್ತ ಆ ಮೂರನೇ ಕುರ್ಚಿ, ಪರದಾ ಸಿಗಲಿಲ್ಲಂದ್ರ ಫ್ಲೆಕ್ಸ್ ಉಲ್ಟಾ ಮಾಡಿ ಕಿಡಕಿಗಿ ಕಟ್ರಿ, ನಾವ್ ಎಷ್ಟೋ ಕಡಿ ಹಂಗೇ ಮಾಡೀವಿ.

ಯಾದಗಿರಿ ಮೈಕ್‌ಸೆಟ್:

ತಮ್ಮಾ ಪ್ರೆಸ್ ಬಾಕ್ಸ್ ನನ್ ಕಡಿ ಅದ, 12 ಔಟಿಂದು, ಟ್ರಾನ್ಸ್‌ಫಾರ್ಮರ್ ಇದ್ದಿದ್ದು. ಬಾಡಿಗಿ ಬ್ಯಾಡ, ಓದೋ ಹುಡುಗ್ರು ಮಾಡ್ಲತ್ತೀರಿ. ಹಿಂದಿನ ದಿನ ಮುಂಜಾನಿ ಯಾದಗಿರಿ ಬಸ್ಸಿನಾಗ ಕಳಿಸ್ತೀನಿ, ಕಲಬುರಗಿ ಬಸ್‌ಸ್ಟ್ಯಾಂಡಿನಾಗ ನೀನೇ ಬಂದು ಇಳಿಸ್ಕೋ, ಹಮಾಲರ ಕೈಯಾಗ ಕೊಡಬ್ಯಾಡ. ಇನ್ಬಾಕ್ಸ್‌ನಾಗ ನಂಬರ್ ಕಳಸು. ಜೊತಿಗಿ ಐದ್ ಎಕ್ಸ್‌ಎಲ್‌ಆರ್ ವೈರ್ ಇಟ್ಟಿರ್ತೀನಿ, ಐದೂ ಎಣಿಸಿ ವಾಪಸ್ ಹಾಕು, ಕ್ಯಾಮೆರಾದವ್ರ ಬ್ಯಾಗಿನಾಗ ನನ್ ವೈರ್ ಎಷ್ಟ್ ಹೋಗ್ಯಾವ ಅಂತ ಮಾಮಾಗ ಗೊತ್ತದ.